ಬೆರಳು ಯಾವಾಗ ಬಿಡಬೇಕು? ಪ್ಲಾಟ್‌ಫಾರ್ಮ್ ಫೈಟರ್ ಆಟಗಳ ಕಂಟ್ರೋಲರ್ ಅಭ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ನಮ್ಮ ಮನೆಗೆ ಭಾನುವಾರ ಆಡಲು ಬರುವವರು, ರಾಯಚೂರು, ಸಿಂಧನೂರು, ಗಂಗಾವತಿ, ಕೊಪ್ಪಳಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಬರೆಯುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹೇಳಿದ್ದನ್ನೇ ಹೇಳಿ ಬಾಯಿ ನೋಯುವ ಮೊದಲು ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ಅಂಕಿಗಳು ಬಹುಪಾಲು ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ಆಟಕ್ಕೆ ಸೇರಿದವು. ಬೇರೆ ಆಟದ ಮಾತು ಬಂದಾಗ ಅದರ ಹೆಸರು ಹೇಳಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಟ್ಟಿದ್ದೇನೆ, ಬೈಗುಳಗಳನ್ನು ಮಾತ್ರ ತೆಗೆದಿದ್ದೇನೆ.

## ಹೊಸಬರಿಗೆ

ಅಕ್ಕ, ಇದೂ ಟೆಕ್ಕನ್ ತರಹದ ಹೊಡೆದಾಟವೇ ಅಲ್ಲವೇ? ಬೇರೆ ಏನಿದೆ ಇದರಲ್ಲಿ?

ಟೆಕ್ಕನ್‌ನಲ್ಲಿ ಎದುರಾಳಿಯ ಜೀವದ ಪಟ್ಟಿ ಖಾಲಿಯಾದರೆ ಗೆಲುವು. ಇಲ್ಲಿ ಪಟ್ಟಿಯೇ ಇಲ್ಲ. ಪೆಟ್ಟು ಬಿದ್ದಂತೆಲ್ಲ ಶೇಕಡಾ ಅಂಕಿ ಏರುತ್ತದೆ, ಅದು ಏರಿದಷ್ಟೂ ಮುಂದಿನ ಪೆಟ್ಟಿಗೆ ಪಾತ್ರ ಹೆಚ್ಚು ದೂರ ಹಾರಿ ಬೀಳುತ್ತದೆ. ವೇದಿಕೆಯ ಆಚೆ ಪರದೆಯ ಗಡಿ ದಾಟಿಸಿದರೆ ಒಂದು ಜೀವ ಹೋದಂತೆ. ಹೀಗಾಗಿ ಓಡುವುದು, ನೆಗೆಯುವುದು, ಇಳಿಯುವುದು, ಅಂಚಿಗೆ ಮರಳಿ ಬರುವುದು ಇವೆಲ್ಲ ಹೊಡೆಯುವಷ್ಟೇ ಮುಖ್ಯ. ಉದ್ದನೆಯ ಬಟನ್ ಸರಣಿಗಳನ್ನು ಬಾಯಿಪಾಠ ಮಾಡುವ ಕೆಲಸ ಕಡಿಮೆ. ಸ್ಟಿಕ್ಕನ್ನು ಎಷ್ಟು ಬಾಗಿಸಿದಿರಿ, ಬಟನ್ನನ್ನು ಎಷ್ಟು ಹೊತ್ತು ಹಿಡಿದಿರಿ ಎಂಬುದರ ಮೇಲೆ ನಿಂತಿರುವುದೇ ಹೆಚ್ಚು.

ಯಾವ ಆಟದಿಂದ ಶುರು ಮಾಡಲಿ? ಎಲ್ಲರೂ 2001ರ ಮೆಲೀ ಎನ್ನುತ್ತಾರೆ, ನಾನು ಹುಟ್ಟುವ ಮೊದಲಿನ ಆಟ ಅದು.

ಮೆಲೀ 2001ರಲ್ಲಿ ನಿಂಟೆಂಡೊ ಗೇಮ್‌ಕ್ಯೂಬ್‌ಗೆ ಬಂದದ್ದು. ನಿರ್ದೇಶಕ ಮಸಾಹಿರೊ ಸಕುರಾಯಿ. ಅದನ್ನು ಇಂದಿಗೂ ಪಂದ್ಯಗಳಲ್ಲಿ ಆಡುತ್ತಾರೆ ಎಂದರೆ ಕಾರಣ ಅದರ ಬಿರುಸು. 2013ರಲ್ಲಿ ಅಮೆರಿಕದ ಇವೋ ಪಂದ್ಯಾವಳಿಗೆ ಕೊನೆಯ ಆಟ ಯಾವುದಾಗಬೇಕು ಎಂದು ಸ್ತನ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಕೂಡಿಸುವ ಸ್ಪರ್ಧೆ ಇಟ್ಟಾಗ ಮೆಲೀ ಅಭಿಮಾನಿಗಳು 94 ಸಾವಿರಕ್ಕೂ ಹೆಚ್ಚು ಡಾಲರ್ ಕೊಟ್ಟು ಹನ್ನೆರಡು ವರ್ಷದ ಹಳೆಯ ಆಟವನ್ನು ಗೆಲ್ಲಿಸಿದರು. ಆದರೆ ಅದರ ಡಿಸ್ಕ್, ಯಂತ್ರ ಎರಡೂ ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ.

ಸಾಧಾರಣ ಕಂಪ್ಯೂಟರ್ ಇದ್ದರೆ ‘ರೈವಲ್ಸ್ ಆಫ್ ಈಥರ್’ (2017) ಕೊಳ್ಳಿ. ಮೆಲೀಯ ನಡಿಗೆಯನ್ನು ಮೆಚ್ಚಿಕೊಂಡವರೇ ಮಾಡಿದ ಆಟ, ಹಳೆಯ ಯಂತ್ರದಲ್ಲೂ ಓಡುತ್ತದೆ. ನಿಂಟೆಂಡೊ ಸ್ವಿಚ್ ಇದ್ದವರು ಸ್ಮ್ಯಾಶ್ ಸರಣಿಯದೇ ಆದ 2018ರ ‘ಅಲ್ಟಿಮೇಟ್’ ಆಡಬಹುದು. ಖರ್ಚೇ ಬೇಡ ಎಂದರೆ ‘ಬ್ರಾಲ್‌ಹಲ್ಲಾ’ ಉಚಿತ. ಯಾವುದರಿಂದ ಶುರು ಮಾಡಿದರೂ ಬೆರಳಿಗೆ ಸಿಕ್ಕ ಸಂಯಮ ಇನ್ನೊಂದಕ್ಕೆ ಜೊತೆಯಲ್ಲಿ ಬರುತ್ತದೆ.

ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಕಲಿಯಲು ಆಗುವುದಿಲ್ಲವೇ?

ಆಗುತ್ತದೆ, ಒಂದು ಮಿತಿಯವರೆಗೆ. ಬ್ರಾಲ್‌ಹಲ್ಲಾ 2020ರಿಂದ ಮೊಬೈಲಿನಲ್ಲೂ ಇದೆ. ಕಂಪ್ಯೂಟರ್‌ನಲ್ಲಿ ಆಡುವವರ ಜೊತೆಗೂ ಆಡಬಹುದು. ತೊಡಕೆಂದರೆ ಗಾಜಿನ ಮೇಲೆ ಹೆಬ್ಬೆರಳಿಗೆ ಗುರುತು ಸಿಗುವುದಿಲ್ಲ: ಬಟನ್ನಿನ ಅಂಚು ಎಲ್ಲಿ, ಸ್ಟಿಕ್ಕಿನ ನಡು ಎಲ್ಲಿ ಎಂದು ಕಣ್ಣಿನಿಂದಲೇ ತಿಳಿಯಬೇಕು. ಕಣ್ಣು ಎದುರಾಳಿಯ ಮೇಲಿರಬೇಕಾದ ಹೊತ್ತಿಗೆ ಅದು ನಷ್ಟ. ಫೋನಿಗೆ ಓಟಿಜಿ ಕೇಬಲ್ ಹಾಕಿ ಸಾಮಾನ್ಯ ಯುಎಸ್‌ಬಿ ಕಂಟ್ರೋಲರ್ ಜೋಡಿಸಿ ನೋಡಿ.

ಕಡಿಮೆ ಬೆಲೆಯ ಜಾಯ್‌ಸ್ಟಿಕ್ ಸಾಕೇ, ಒಳ್ಳೆಯದನ್ನೇ ಕೊಳ್ಳಬೇಕೇ?

ಬೆಲೆಯನ್ನು ಆಮೇಲೆ ನೋಡಿ, ಮೊದಲು ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಸ್ಟಿಕ್ಕನ್ನು ಒಂದು ಬದಿಗೆ ಪೂರ್ತಿ ಬಾಗಿಸಿ ಥಟ್ಟನೆ ಬಿಡಿ. ಅದು ನಡುವಿಗೆ ಬಂದು ಅಲುಗದೆ ನಿಲ್ಲಬೇಕು. ಬಟನ್ನನ್ನು ಬೇಗ ಬೇಗ ಒತ್ತಿ ಬಿಡಿ. ಬೆರಳು ಎತ್ತಿದ ಕ್ಷಣವೇ ಅದೂ ಮೇಲೆ ಬರಬೇಕು, ಅಂಟಬಾರದು. ಭುಜದ ಟ್ರಿಗರ್ ಎಷ್ಟು ಆಳ ಒತ್ತಿದ ಮೇಲೆ ಕೆಲಸ ಮಾಡುತ್ತದೆ ಎಂದು ಪರದೆಯಲ್ಲಿ ನೋಡಿಕೊಳ್ಳಿ. ಈ ಮೂರರಲ್ಲಿ ಪಾಸಾದ ಅಗ್ಗದ ಮಾಲು, ಫೇಲಾದ ದುಬಾರಿ ಮಾಲಿಗಿಂತ ಎಷ್ಟೋ ವಾಸಿ. ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ ‘ಹಾಲ್ ಎಫೆಕ್ಟ್’ ಸ್ಟಿಕ್ ಇರುವುದನ್ನು ಕೇಳಿ; ಅದರಲ್ಲಿ ಅಯಸ್ಕಾಂತದಿಂದ ಅಳತೆ ನಡೆಯುವುದರಿಂದ ಒಳಗೆ ಉಜ್ಜಿ ಸವೆಯುವ ಭಾಗವಿಲ್ಲ.

ಗೇಮ್‌ಕ್ಯೂಬ್ ಕಂಟ್ರೋಲರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರ ಸ್ಟಿಕ್ಕಿನ ಸುತ್ತ ಎಂಟು ಮೂಲೆಯ ಚೌಕಟ್ಟಿದೆ, ಮೂಲೆಗೆ ತಾಗಿದ್ದು ಹೆಬ್ಬೆರಳಿಗೆ ಗೊತ್ತಾಗುತ್ತದೆ. ಅಡಾಪ್ಟರ್ ಸಹಿತ ತರಿಸಿಕೊಳ್ಳುವ ಶಕ್ತಿ ಇದ್ದರೆ ಸಂತೋಷ. ಅದಿಲ್ಲದೆ ಕಲಿಯಲಾಗದು ಎಂಬುದು ಸುಳ್ಳು.

ಎಲ್ಲರೂ ಮಾತೆತ್ತಿದರೆ ಫ್ರೇಮ್ ಫ್ರೇಮ್ ಎನ್ನುತ್ತಾರೆ. ಏನದು?

ಆಟ ಒಂದು ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುತ್ತದೆ. ಒಂದೊಂದು ಚಿತ್ರವೂ ಒಂದು ಫ್ರೇಮ್, ಸುಮಾರು 16.7 ಮಿಲಿಸೆಕೆಂಡ್. ಪ್ರತಿ ಫ್ರೇಮಿಗೂ ಆಟ ನಿಮ್ಮ ಕಂಟ್ರೋಲರ್ ಕಡೆ ಒಮ್ಮೆ ಇಣುಕಿ, ಯಾವ ಬಟನ್ ಕೆಳಗಿದೆ, ಸ್ಟಿಕ್ ಎಲ್ಲಿದೆ ಎಂದು ನೋಡಿಕೊಳ್ಳುತ್ತದೆ. ಎರಡು ಇಣುಕುಗಳ ನಡುವೆ ನೀವು ಏನು ಮಾಡಿದಿರೋ ಅದಕ್ಕೆ ಗೊತ್ತಿಲ್ಲ. ಈ ಒಂದು ಸಂಗತಿ ನೆನಪಿದ್ದರೆ ಕೆಳಗಿನ ಅರ್ಧ ಉತ್ತರಗಳು ತಾವಾಗಿ ಹೊಳೆಯುತ್ತವೆ.

## ಮೊದಲ ಪಟ್ಟುಗಳು

ಶಾರ್ಟ್ ಹಾಪ್ ಮಾಡಲು ಹೋದರೆ ಪ್ರತಿ ಸಲವೂ ಪೂರ್ತಿ ನೆಗೆತವೇ ಬರುತ್ತದೆ. ಇನ್ನೂ ಬೇಗ ಒತ್ತಬೇಕೇ?

ಇಲ್ಲ. ಬೇಗ ಬಿಡಬೇಕು. ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಅತಿ ಹೆಚ್ಚು. ಬಹುತೇಕ ಎಲ್ಲ ಕಷ್ಟಗಳ ಬೇರೂ ಇಲ್ಲೇ ಇದೆ.

ನೆಗೆಯುವ ಬಟನ್ ಒತ್ತಿದ ಕೂಡಲೇ ಪಾತ್ರ ನೆಲ ಬಿಡುವುದಿಲ್ಲ. ಕೆಲವು ಫ್ರೇಮ್‌ಗಳ ಕಾಲ ಮೊಣಕಾಲು ಬಗ್ಗಿಸಿ ಕೂರುತ್ತದೆ. ಆ ಕೂರುವಿಕೆ ಮುಗಿಯುವ ಹೊತ್ತಿಗೆ ಬಟನ್ ಇನ್ನೂ ಕೆಳಗಿದ್ದರೆ ಪೂರ್ತಿ ನೆಗೆತ, ಬಿಟ್ಟಿದ್ದರೆ ಗಿಡ್ಡ ನೆಗೆತ, ಅಂದರೆ ಶಾರ್ಟ್ ಹಾಪ್. ಮೆಲೀಯ ಪಾತ್ರಗಳಲ್ಲಿ ಫಾಕ್ಸ್ 3 ಫ್ರೇಮ್ ಕೂರುತ್ತಾನೆ, ಮಾರ್ತ್ 4, ಫಾಲ್ಕೊ 5, ಗ್ಯಾನನ್‌ಡಾರ್ಫ್ 6, ಬೌಸರ್ 8. ಅಂದರೆ ಫಾಕ್ಸ್ ಆಡುವವನ ಬೆರಳು 50 ಮಿಲಿಸೆಕೆಂಡಿನೊಳಗೆ ಬಟನ್ನಿನಿಂದ ಎದ್ದಿರಬೇಕು. ಬೌಸರ್ ಆಡುವವನಿಗೆ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಬಿಡುವು. ಮೊದಲ ದಿನವೇ ಫಾಕ್ಸ್ ಹಿಡಿದು ಅಳುವವರಿಗೆ ನಾನು ಗ್ಯಾನನ್‌ಡಾರ್ಫ್ ಕೊಡುತ್ತೇನೆ.

ಹೊಸಬರು ಬಟನ್ನನ್ನು ತಳದವರೆಗೂ ಅದುಮುತ್ತಾರೆ. ಅದುಮಿದ ಬೆರಳು ಮೇಲೆ ಬರಲು ಹೊತ್ತು ಹಿಡಿಯುತ್ತದೆ. ಬಟನ್ನಿನ ನಡುವಿನ ಬದಲು ಅಂಚಿನ ಮೇಲೆ ಬೆರಳಿಟ್ಟು, ಒತ್ತುವಾಗಲೇ ಪಕ್ಕಕ್ಕೆ ಜಾರಿಸಿ ನೋಡಿ. ಬೆರಳು ಬಟನ್ನಿನಿಂದ ತಾನೇ ಕಳಚಿಕೊಳ್ಳುತ್ತದೆ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರ ಕಾಲನ್ನು ಗಮನಿಸಿದ್ದೀರಾ? ಜೇಬಿನ ಮೂಲೆ ಬಂದಾಗ ಸೂಜಿ ಸರಿಯಾದ ಹೊಲಿಗೆಯಲ್ಲಿ ನಿಲ್ಲುವುದು ಅವರು ಪೆಡಲ್ ಒತ್ತಿದ್ದರಿಂದಲ್ಲ, ತಕ್ಕ ಗಳಿಗೆಯಲ್ಲಿ ಕಾಲು ಸಡಿಲಿಸಿದ್ದರಿಂದ. ನಿಮ್ಮ ಬೆರಳಿನ ಕೆಲಸವೂ ಅದೇ.

ಅಲ್ಟಿಮೇಟ್ ಆಡುವವರಿಗೆ ಇದು ಸುಲಭ. ಅಲ್ಲಿ ಎಲ್ಲ ಪಾತ್ರಗಳಿಗೂ 3 ಫ್ರೇಮ್. ಎರಡು ನೆಗೆತದ ಬಟನ್‌ಗಳನ್ನು ಒಟ್ಟಿಗೆ ಒತ್ತಿದರೂ ಗಿಡ್ಡ ನೆಗೆತ ಬರುತ್ತದೆ.

ಯಾವ ಬಟನ್‌ಗೆ ಯಾವ ಬೆರಳು?

ಬಲ ಹೆಬ್ಬೆರಳಿಗೆ ಒಂದೇ ಹೊತ್ತಿನಲ್ಲಿ ಎರಡು ಕೆಲಸ ಹಚ್ಚಬೇಡಿ, ಅಷ್ಟೇ ನಿಯಮ. ಸಾಮಾನ್ಯ ಕಂಪ್ಯೂಟರ್ ಕಂಟ್ರೋಲರ್‌ಗಳಲ್ಲಿ ನೆಗೆತವನ್ನು ಬಲ ಭುಜದ ಸಣ್ಣ ಬಟನ್ನಿಗೆ ಹಾಕಿಕೊಳ್ಳಿ. ಆಗ ತೋರುಬೆರಳು ನೆಗೆಯುತ್ತದೆ, ಹೆಬ್ಬೆರಳು ಹೊಡೆಯುವ ಬಟನ್ ಅಥವಾ ಬಲ ಸ್ಟಿಕ್ ಮೇಲೆ ನಿಶ್ಚಿಂತೆಯಿಂದ ಇರುತ್ತದೆ. ತಪ್ಪಿಸಿಕೊಳ್ಳುವ ಬಟನ್ ಎಡ ಟ್ರಿಗರ್‌ನಲ್ಲಿರಲಿ. ಸ್ಟಿಕ್ ಮೇಲಕ್ಕೆತ್ತಿದರೆ ನೆಗೆಯುವ ಆಯ್ಕೆಯನ್ನು, ಹಾಗೆ ಮಾಡಲು ಬಿಡುವ ಆಟಗಳಲ್ಲಿ, ಆಫ್ ಮಾಡಿಬಿಡಿ; ಮೇಲಕ್ಕೆ ಹೊಡೆಯಲು ಹೋಗಿ ಹಾರಿಬಿಡುವ ಪೇಚು ತಪ್ಪುತ್ತದೆ.

ಒಂದು ಸಲ ಗೊತ್ತುಮಾಡಿಕೊಂಡ ಮೇಲೆ ವಾರಕ್ಕೊಮ್ಮೆ ಬದಲಿಸುತ್ತಾ ಕೂರಬೇಡಿ. ಸೋತಾಗಲೆಲ್ಲ ಬಟನ್ ಬದಲಿಸುವ ಒಬ್ಬ ಹುಡುಗ ನಮ್ಮಲ್ಲಿದ್ದಾನೆ, ಅವನ ಬೆರಳಿಗೆ ಇನ್ನೂ ಮನೆ ಸಿಕ್ಕಿಲ್ಲ.

ಗಾಳಿಯಿಂದ ಬೇಗ ಕೆಳಗಿಳಿಯುವ ಫಾಸ್ಟ್ ಫಾಲ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಸ್ಟಿಕ್ಕನ್ನು ಕೆಳಗೇ ಹಿಡಿದಿದ್ದೇನಲ್ಲ?

ಹಿಡಿದೇ ಇದ್ದುದರಿಂದ ಬರುತ್ತಿಲ್ಲ. ಪಾತ್ರ ನೆಗೆತದ ತುದಿ ಮುಟ್ಟಿ ಇಳಿಯತೊಡಗಿದ ಮೇಲೆ ಸ್ಟಿಕ್ ಹೊಸದಾಗಿ ಕೆಳಗೆ ಬಡಿಯಬೇಕು. ಏರುವಾಗಲೇ ಕೆಳಗೆ ಎಳೆದಿಟ್ಟರೆ ಆಟಕ್ಕೆ ಹೊಸ ಚಲನೆ ಕಾಣುವುದಿಲ್ಲ. ನಡುವಿಗೆ ಬಿಡಿ, ತುದಿಗೆ ಬರಲಿ, ಆಗ ಥಟ್ಟನೆ ಕೆಳಗೆ.

ಎಲ್-ಕ್ಯಾನ್ಸಲ್ ಹತ್ತರಲ್ಲಿ ನಾಲ್ಕು ಸಲವೂ ಆಗುತ್ತಿಲ್ಲ. ಆಗಿದೆಯೋ ಇಲ್ಲವೋ ಎಂದೇ ತಿಳಿಯುವುದಿಲ್ಲ.

ಗಾಳಿಯಲ್ಲಿ ಹೊಡೆಯುತ್ತಾ ನೆಲಕ್ಕಿಳಿದರೆ ಪಾತ್ರ ಒಂದಷ್ಟು ಹೊತ್ತು ಜಡವಾಗಿ ನಿಲ್ಲುತ್ತದೆ. ನೆಲ ಮುಟ್ಟುವ ಮೊದಲಿನ 7 ಫ್ರೇಮ್‌ಗಳೊಳಗೆ ಎಲ್, ಆರ್ ಅಥವಾ ಝೆಡ್ ಬಟನ್ ಒತ್ತಿದರೆ ಆ ಜಡತೆ ಅರ್ಧಕ್ಕಿಳಿಯುತ್ತದೆ, ಇದೇ ಎಲ್-ಕ್ಯಾನ್ಸಲ್. ಫಾಕ್ಸ್ ಕೆಳಮುಖವಾಗಿ ಒದೆಯುವ ಪೆಟ್ಟಿಗೆ 18 ಫ್ರೇಮ್ ಜಡತೆ. ಅದು 9 ಆಗುತ್ತದೆ. 7 ಫ್ರೇಮ್ ಎಂದರೆ 117 ಮಿಲಿಸೆಕೆಂಡ್, ಕೈಗೆ ಎಟುಕದ ಅವಧಿಯೇನಲ್ಲ.

ತಪ್ಪುವುದು ಬೇರೆ ಕಾರಣಕ್ಕೆ. ಪೆಟ್ಟು ತಗುಲಿದಾಗ ಹೊಡೆದವನೂ ಹೊಡೆಸಿಕೊಂಡವನೂ ಕೆಲವು ಫ್ರೇಮ್ ಗಾಳಿಯಲ್ಲೇ ಹೆಪ್ಪುಗಟ್ಟುತ್ತಾರೆ, ಹಾಗಾಗಿ ನೆಲ ಮುಟ್ಟುವುದು ತಡವಾಗುತ್ತದೆ. ಪೆಟ್ಟು ತಪ್ಪಿದರೆ ಆ ತಡೆಯಿಲ್ಲ. ಖಾಲಿ ಗಾಳಿಗೆ ಹೊಡೆದು ಕಲಿತ ತಾಳ ಎದುರಾಳಿಯ ಮೈಮೇಲೆ ಕೆಡುವುದು ಇದರಿಂದಲೇ. ಮೊದಲು ಗಾಳಿಗೆ, ಆಮೇಲೆ ನಿಂತ ಗೊಂಬೆಗೆ, ಆಮೇಲೆ ಶೀಲ್ಡ್ (ಪೆಟ್ಟು ತಡೆಯುವ ಗುರಾಣಿ) ಹಿಡಿದ ಗೊಂಬೆಗೆ ಹೊಡೆದು ಮೂರನ್ನೂ ಬೇರೆ ಬೇರೆಯಾಗಿ ರೂಢಿಸಿಕೊಳ್ಳಿ.

ಎರಡನೆಯ ಕಾರಣ, ಹಿಂದಿನ ಸಲ ಒತ್ತಿದ ಟ್ರಿಗರ್ ಇನ್ನೂ ಅರ್ಧ ಕೆಳಗೇ ಇರುವುದು. ಅದು ಮೇಲೆ ಬಂದು ಮತ್ತೆ ಇಳಿದರೆ ತಾನೇ ಹೊಸ ಒತ್ತು?

ಆಗಿದೆಯೋ ಇಲ್ಲವೋ ತಿಳಿಯಲು ‘ಅಂಕಲ್‌ಪಂಚ್’ ಎಂಬ ಹೆಸರಿನ ತರಬೇತಿ ಆವೃತ್ತಿ ಮೆಲೀ ಆಟಗಾರರಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಎಲ್-ಕ್ಯಾನ್ಸಲ್‌ಗೆಂದೇ ಒಂದು ಅಭ್ಯಾಸವಿದೆ. ಅದಿಲ್ಲದಿದ್ದರೆ ಇಳಿದ ಕೂಡಲೇ ಶೀಲ್ಡ್ ಹಿಡಿದು ನೋಡಿ. ಎಷ್ಟು ಬೇಗ ಬಂತು ಎಂಬುದರಲ್ಲೇ ಉತ್ತರವಿದೆ. ಅಂದಹಾಗೆ ರೈವಲ್ಸ್‌ನಲ್ಲಿ ಎಲ್-ಕ್ಯಾನ್ಸಲ್ ಇಲ್ಲ, ಹುಡುಕಬೇಡಿ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು?

ಒಂದೇ ಪಟ್ಟನ್ನು ಹದಿನೈದು ನಿಮಿಷ, ಗಮನವಿಟ್ಟು. ಉಳಿದ ಹೊತ್ತು ಆಡಿ. ಮೂರು ಗಂಟೆ ಒಂದೇ ಸಮನೆ ಬಡಿದರೆ ದಣಿದ ಕೈಯ ತಪ್ಪುಗಳೇ ರೂಢಿಯಾಗುತ್ತವೆ. ತರಬೇತಿ ವಿಭಾಗದಲ್ಲಿ ಆಟದ ವೇಗ ಇಳಿಸುವ ಆಯ್ಕೆ ಮೆಲೀಯಲ್ಲೂ ಇದೆ, ಅಲ್ಟಿಮೇಟ್‌ನಲ್ಲೂ ಇದೆ. ನಿಧಾನಗತಿಯಲ್ಲಿ ಬೆರಳುಗಳ ಕ್ರಮ ಕಲಿಯಿರಿ, ಕಾಲದ ಅಳತೆ ಕಲಿಯಬೇಡಿ. ಅಳತೆ ಪೂರ್ತಿ ವೇಗದಲ್ಲಷ್ಟೇ ನಿಜ.

ಫೋನನ್ನು ಪುಸ್ತಕಕ್ಕೆ ಆನಿಸಿಟ್ಟು ನಿಮ್ಮ ಕೈಯನ್ನು ನಿಧಾನಗತಿಯ ವಿಡಿಯೊದಲ್ಲಿ ಹಿಡಿಯಿರಿ. ಬೆರಳು ಎದ್ದಿದೆ ಎಂದು ನೀವು ಅಂದುಕೊಂಡ ಗಳಿಗೆಯಲ್ಲಿ ಅದು ಇನ್ನೂ ಬಟನ್ ಮೇಲೆ ಕೂತಿರುವುದು ಕಾಣುತ್ತದೆ. ನಮ್ಮಲ್ಲಿ ಎಷ್ಟೋ ವಾದಗಳು ಈ ವಿಡಿಯೊದಿಂದಲೇ ಮುಗಿದಿವೆ.

ಬೇಸಿಗೆಯಲ್ಲಿ ಅಂಗೈ ಬೆವರಿ ಸ್ಟಿಕ್ ಜಾರುತ್ತದೆ. ಪೌಡರ್ ಹಚ್ಚಿಕೊಳ್ಳಲೇ?

ರಾಯಚೂರಿನವರೇ ಇದನ್ನು ಕೇಳುವುದು, ಅದೂ ಏಪ್ರಿಲ್ ಬಂದರೆ. ಪೌಡರ್ ಬೇಡವೇ ಬೇಡ, ಅದು ಸ್ಟಿಕ್ಕಿನ ಬುಡಕ್ಕೆ ಇಳಿದು ಸೇರಿಕೊಳ್ಳುತ್ತದೆ. ಹತ್ತಿಯ ಬಟ್ಟೆ ತೊಡೆಯ ಮೇಲಿರಲಿ, ಪ್ರತಿ ಆಟದ ಕೊನೆಗೆ ಒರೆಸಿಕೊಳ್ಳಿ. ಒಗ್ಗರಣೆ ಮಿರ್ಚಿ ತಿಂದ ಕೈಯನ್ನು ಸಾಬೂನಿನಿಂದ ತೊಳೆಯದೆ ನನ್ನ ಕಂಟ್ರೋಲರ್ ಮುಟ್ಟಿದವರಿಗೆ ಆ ದಿನ ಆಟವಿಲ್ಲ.

## ಕೈ ಕುದುರಿದ ಮೇಲೆ

ವೇವ್‌ಡ್ಯಾಶ್ ಮಾಡಿದರೆ ಒಮ್ಮೆ ಬರೀ ನೆಗೆಯುತ್ತದೆ, ಒಮ್ಮೆ ಗಾಳಿಯಲ್ಲಿ ತೇಲುತ್ತದೆ. ಜಾರುವುದೇ ಇಲ್ಲ.

ಎರಡೂ ಬೇರೆ ಬೇರೆ ತಪ್ಪುಗಳು, ಬಿಡಿಸಿ ನೋಡೋಣ.

ವೇವ್‌ಡ್ಯಾಶ್ ಎಂದರೆ ನೆಗೆದು, ಕಾಲು ನೆಲ ಬಿಟ್ಟ ಕ್ಷಣವೇ ಸ್ಟಿಕ್ಕನ್ನು ಓರೆಯಾಗಿ ಕೆಳಕ್ಕೆ ಹಿಡಿದು, ಗಾಳಿಯಲ್ಲಿ ತಪ್ಪಿಸಿಕೊಳ್ಳುವ ಟ್ರಿಗರ್ ಒತ್ತುವುದು. ಪಾತ್ರ ಆ ಓರೆ ವೇಗದೊಂದಿಗೆ ನೆಲಕ್ಕೆ ಬಡಿದು ನಿಂತ ಭಂಗಿಯಲ್ಲೇ ಜಾರುತ್ತದೆ. ಇಳಿದ ಮೇಲೆ 10 ಫ್ರೇಮ್ ಜಡತೆ. ಅದು ಮುಗಿದ ಕೂಡಲೇ ಏನು ಬೇಕಾದರೂ ಮಾಡಬಹುದು. ನಿಂತ ಭಂಗಿಯಲ್ಲಿ ಸರಿಯುವುದರಿಂದ ಓಡುವಾಗ ಸಾಧ್ಯವಾಗದ ಹೊಡೆತಗಳೂ ಕೈಗೆ ಸಿಗುತ್ತವೆ, ಅದೇ ಇದರ ಲಾಭ.

ಬರೀ ನೆಗೆದರೆ ನೀವು ಟ್ರಿಗರ್ ಒತ್ತಿದ್ದು ತೀರಾ ಬೇಗ. ಪಾತ್ರ ಇನ್ನೂ ಮೊಣಕಾಲು ಬಗ್ಗಿಸಿ ಕೂತಿದೆ, ಆ ಹೊತ್ತಿನ ಒತ್ತು ಲೆಕ್ಕಕ್ಕಿಲ್ಲ. ತೇಲಿದರೆ ಒತ್ತಿದ್ದು ತಡ. ಶಾರ್ಟ್ ಹಾಪ್ ಉತ್ತರದಲ್ಲಿ ಕೊಟ್ಟ ಅಂಕಿಗಳೇ ಇಲ್ಲೂ ಅಳತೆ: ಫಾಕ್ಸ್‌ಗೆ ನೆಗೆತದ ಒತ್ತಿಗೂ ಟ್ರಿಗರ್ ಒತ್ತಿಗೂ ನಡುವೆ 3 ಫ್ರೇಮ್, ಬೌಸರ್‌ಗೆ 8. ಪಾತ್ರ ಬದಲಿಸಿದರೆ ತಾಳವೂ ಬದಲು. ಎರಡು ಬಟನ್‌ಗಳ ಸದ್ದನ್ನು ಕೇಳಿಸಿಕೊಳ್ಳಿ. ಫಾಕ್ಸ್‌ನಲ್ಲಿ ಅವು ಬಹುತೇಕ ಅಂಟಿಕೊಂಡಂತೆ ‘ಟಟಕ್’ ಎನ್ನುತ್ತವೆ, ಗ್ಯಾನನ್‌ಡಾರ್ಫ್‌ನಲ್ಲಿ ‘ಟಕ್… ಟಕ್’ ಎಂದು ಬಿಡಿಯಾಗಿ. ಕಣ್ಣಿಗಿಂತ ಕಿವಿ ಇದನ್ನು ಬೇಗ ಕಲಿಯುತ್ತದೆ. ನೆಗೆತ ಗಿಡ್ಡದ್ದೇ ಆಗಬೇಕೆಂದಿಲ್ಲ, ಆ ಚಿಂತೆ ಬಿಡಿ.

ಇನ್ನು ಕೋನ. ಗೇಮ್‌ಕ್ಯೂಬ್ ಕಂಟ್ರೋಲರ್‌ನ ಚೌಕಟ್ಟಿನ ಓರೆ ಕೆಳಮೂಲೆಗೆ ಸ್ಟಿಕ್ ಒರಗಿಸಿದರೆ 45 ಡಿಗ್ರಿ. ಜಾರುತ್ತದೆ, ಆದರೆ ಗಿಡ್ಡವಾಗಿ. ಸ್ಟಿಕ್ ಅಡ್ಡಕ್ಕೆ ಹತ್ತಿರವಾದಷ್ಟೂ ಉದ್ದ ಜಾರುತ್ತದೆ. ಅಡ್ಡಗೆರೆಯಿಂದ ಸುಮಾರು 17 ಡಿಗ್ರಿ ಕೆಳಗೆ ಅದರ ಗಡಿ. ಅದಕ್ಕಿಂತ ಮೇಲೆ ಹೋದರೆ ಪೂರ್ತಿ ಅಡ್ಡವೆಂದು ಆಟ ತಿಳಿದು ಪಾತ್ರವನ್ನು ಗಾಳಿಯಲ್ಲಿ ಬಿಡುತ್ತದೆ. ಮೊದಲ ವಾರಗಳಲ್ಲಿ ಮೂಲೆಯಲ್ಲೇ ಇರಿ, ಕಾಲದ ಅಳತೆ ಕುದುರಿದ ಮೇಲೆ ಮೂಲೆಯಿಂದ ಸ್ವಲ್ಪ ಸ್ವಲ್ಪ ಮೇಲೆ ಬನ್ನಿ. ನೆಲದ ಹಿಡಿತ ಕಡಿಮೆಯಿರುವ ಲುಯಿಜಿ ಎಲ್ಲರಿಗಿಂತ ದೂರ ಜಾರುತ್ತಾನೆ. ಕಲಿಯುವವರಿಗೆ ಅವನನ್ನು ಕೊಟ್ಟರೆ ಸರಿಯಾದದ್ದು ಯಾವುದೆಂದು ಕಣ್ಣಿಗೆ ಢಾಳಾಗಿ ಕಾಣುತ್ತದೆ.

ವೇವ್‌ಡ್ಯಾಶ್ ಆಟದ ದೋಷವನ್ನು ಬಳಸಿಕೊಂಡ ಮೋಸ ಅಲ್ಲವೇ?

ಅಲ್ಲ. ಮೆಲೀ ತಯಾರಾಗುತ್ತಿದ್ದಾಗಲೇ ಇದು ತಮ್ಮ ಗಮನಕ್ಕೆ ಬಂದಿತ್ತೆಂದು ಸಕುರಾಯಿ ಹೇಳಿದ್ದಾರೆ. ಎಲ್-ಕ್ಯಾನ್ಸಲ್‌ನ ಮೂಲ ರೂಪವಂತೂ 1999ರ ಮೊದಲ ಸ್ಮ್ಯಾಶ್ ಆಟದಲ್ಲೇ ಝೆಡ್ ಬಟನ್ನಿಗಿತ್ತು.

ನಿಂತಲ್ಲಿಂದ ಹಿಂದಕ್ಕೆ ಓಡಲು ಹೋದರೆ ಪಾತ್ರ ನಿಧಾನವಾಗಿ ಮುಖ ತಿರುಗಿಸುತ್ತದೆ. ಸ್ಟಿಕ್ ಹಾಳಾಗಿದೆಯೇ?

ಬಹುಶಃ ಇಲ್ಲ. ಆಟ ಫ್ರೇಮಿಗೊಮ್ಮೆ ಇಣುಕುತ್ತದೆ ಎಂದೆನಲ್ಲ. ಸ್ಟಿಕ್ ನಡುವಿನಿಂದ ಅಂಚಿಗೆ ಹೋಗುವ ದಾರಿಯಲ್ಲಿ ಅರ್ಧದಲ್ಲಿ ಇದ್ದಾಗ ಇಣುಕಿದರೆ, ನೀವು ಮೆಲ್ಲಗೆ ತಿರುಗಲು ಬಯಸಿದ್ದೀರಿ ಎಂದೇ ಅದು ಓದಿಕೊಳ್ಳುತ್ತದೆ. ಕೆಲವು ಕಂಟ್ರೋಲರ್‌ಗಳಲ್ಲಿ ಇದು ಹೆಚ್ಚು, ಕೆಲವುಗಳಲ್ಲಿ ಕಡಿಮೆ. ಕಂಟ್ರೋಲರ್‌ಗಳ ನಡುವಿನ ಈ ಅದೃಷ್ಟದ ವ್ಯತ್ಯಾಸವನ್ನು ತೆಗೆಯಲೆಂದೇ ಆಟಗಾರರು ‘ಯೂನಿವರ್ಸಲ್ ಕಂಟ್ರೋಲರ್ ಫಿಕ್ಸ್’ ಎಂಬ ತಿದ್ದುಪಡಿ ಮಾಡಿದ್ದಾರೆ, ಪಂದ್ಯಗಳಲ್ಲಿ ಅದು ಸಾಮಾನ್ಯ.

ನಿಮ್ಮ ಕಡೆಯಿಂದ ಆಗಬೇಕಾದ್ದು: ಹೆಬ್ಬೆರಳನ್ನು ಸ್ಟಿಕ್ಕಿನ ನೆತ್ತಿಗೆ ಅದುಮಿ ತಳ್ಳುವ ಬದಲು, ಬದಿಯಿಂದ ಬಡಿಯುವುದು. ಡ್ಯಾಶ್ ಡ್ಯಾನ್ಸ್ (ಮುಂದಕ್ಕೂ ಹಿಂದಕ್ಕೂ ಸರಸರನೆ ಓಡುವುದು) ಮಾಡುವಾಗ ಓಟದ ಮೊದಲ ಚಿಮ್ಮು ಮುಗಿಯುವುದರೊಳಗೆ ತಿರುಗಿಬಿಡಿ. ಅದು ಮುಗಿದು ಪೂರ್ತಿ ಓಟಕ್ಕೆ ಬಿದ್ದರೆ ಪಾತ್ರ ಜಾರುತ್ತಾ ತಿರುಗುತ್ತದೆ, ಆ ಹೊತ್ತಿನಲ್ಲಿ ಪೆಟ್ಟು ತಿನ್ನುವುದು ಖಚಿತ. ಚಿಮ್ಮಿನ ಉದ್ದ ಪಾತ್ರದಿಂದ ಪಾತ್ರಕ್ಕೆ ಬೇರೆ.

ಒಬ್ಬನೇ ಇದ್ದಾಗ ಎಲ್ಲವೂ ಬರುತ್ತದೆ. ಎದುರಿಗೆ ಯಾರಾದರೂ ಕೂತರೆ ಬೆರಳು ಮರೆತುಬಿಡುತ್ತದೆ. ಏಕೆ?

ಒಬ್ಬನೇ ಇದ್ದಾಗ ಯಾವಾಗ ಮಾಡಬೇಕೆಂದು ನೀವೇ ಗೊತ್ತುಮಾಡುತ್ತೀರಿ. ಎದುರಾಳಿ ಬಂದ ಮೇಲೆ ಆ ಗಳಿಗೆ ಅವನ ಕೈಯಲ್ಲಿ. ಅಭ್ಯಾಸ ಮಾಡುವಾಗಲೇ ಈ ಅನಿಶ್ಚಿತತೆಯನ್ನು ತಂದುಕೊಳ್ಳಿ: ಪಕ್ಕದಲ್ಲಿ ತಂಗಿಯನ್ನೋ ಗೆಳೆಯನನ್ನೋ ಕೂರಿಸಿಕೊಂಡು ಅವರು ಚಪ್ಪಾಳೆ ತಟ್ಟಿದಾಗ ಮಾತ್ರ ವೇವ್‌ಡ್ಯಾಶ್ ಮಾಡಿ. ಆಮೇಲೆ ಒಂದು ಚಪ್ಪಾಳೆಗೆ ಮುಂದೆ, ಎರಡಕ್ಕೆ ಹಿಂದೆ. ನಂತರ ಗೆಲ್ಲುವ ಆಸೆ ಬದಿಗಿಟ್ಟು, ಈ ಆಟದಲ್ಲಿ ಒಂದೇ ಒಂದು ಪಟ್ಟನ್ನು ಸರಿಯಾಗಿ ಮಾಡುತ್ತೇನೆ ಎಂದು ಕೂತು ಆಡಿ. ಸೋಲುತ್ತೀರಿ. ಸೋಲಲಿ ಬಿಡಿ.

ಇನ್ನೊಂದು ಸಂಗತಿ, ಎದುರಾಳಿ ಬಂದ ಕೂಡಲೇ ಎಲ್ಲರೂ ಕಂಟ್ರೋಲರನ್ನು ಬಿಗಿಯಾಗಿ ಹಿಡಿಯುತ್ತಾರೆ. ಬಿಗಿದ ಕೈ ಒತ್ತುವುದರಲ್ಲಿ ತಡ ಮಾಡುವುದಿಲ್ಲ, ಬಿಡುವುದರಲ್ಲಿ ಮಾಡುತ್ತದೆ. ಗಿಡ್ಡ ನೆಗೆತ ಮೊದಲು ಕೈಕೊಡುವುದು ಇದಕ್ಕೇ. ಪ್ರತಿ ಸಲ ಒಂದು ಜೀವ ಹೋಗಿ ಪಾತ್ರ ಮೇಲಿಂದ ಮರಳಿ ಬರುವಾಗ ಎರಡೂ ಕೈ ಸಡಿಲಿಸಿ ಮತ್ತೆ ಹಿಡಿಯಿರಿ.

ಕಂಪ್ಯೂಟರ್‌ನಲ್ಲಿ ಸರಿಯಾಗಿ ಬರುತ್ತದೆ, ಮನೆಯ ದೊಡ್ಡ ಟಿವಿಗೆ ಹಾಕಿದರೆ ಎಲ್ಲವೂ ತಡ. ನನ್ನ ಭ್ರಮೆಯೇ?

ಭ್ರಮೆಯಲ್ಲ. ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಹೊತ್ತು ಕಳೆಯುತ್ತದೆ. ಅದು 50 ಮಿಲಿಸೆಕೆಂಡ್ ತಡ ಮಾಡಿದರೂ 3 ಫ್ರೇಮ್ ಹೋಯಿತು. ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕಿ. ಬ್ಲೂಟೂತ್ ಬದಲು ಕೇಬಲ್ ಬಳಸಿ. ಮೆಲೀ ಆಟಗಾರರು ಹಳೆಯ ಡಬ್ಬಿ ಟಿವಿಯನ್ನು ಹೊತ್ತು ತಿರುಗುವುದು ಇದೇ ಕಾರಣಕ್ಕೆ. ಅಟ್ಟದ ಮೇಲೆ ಅಂಥದ್ದಿದ್ದರೆ ಗುಜರಿಗೆ ಹಾಕುವ ಮುನ್ನ ನನಗೊಂದು ಮಾತು ತಿಳಿಸಿ.

## ಇನ್ನೂ ಮುಂದಕ್ಕೆ

ಪೆಟ್ಟು ತಿಂದ ಮೇಲೆ ಏನೂ ಮಾಡಲಾಗುವುದಿಲ್ಲ, ಸುಮ್ಮನೆ ಹಾರಿಹೋಗುತ್ತೇನೆ.

ಮಾಡಲು ಬಹಳ ಇದೆ. ಪೆಟ್ಟು ಬಿದ್ದಾಗ ಸ್ಟಿಕ್ ಎತ್ತ ಇದೆ ಎಂಬುದು ನೀವು ಹಾರುವ ದಿಕ್ಕನ್ನು 18 ಡಿಗ್ರಿಯವರೆಗೆ ಬಾಗಿಸುತ್ತದೆ. ಇದನ್ನೇ ಡಿಐ ಎನ್ನುವುದು. ಹಾರುವ ದಾರಿಗೆ ಅಡ್ಡಲಾಗಿ, ಲಂಬ ಕೋನದಲ್ಲಿ ಹಿಡಿದಾಗ ಪರಿಣಾಮ ಅತಿ ಹೆಚ್ಚು. ದಾರಿಯುದ್ದಕ್ಕೇ ಹಿಡಿದರೆ ಏನೂ ಇಲ್ಲ. ಮಲಗಿದಂತೆ ಪಕ್ಕಕ್ಕೆ ಎಸೆಯುವ ಬಲವಾದ ಪೆಟ್ಟಿಗೆ ಮೇಲಕ್ಕೂ ವೇದಿಕೆಯ ಒಳಕ್ಕೂ ಹಿಡಿದರೆ ಪರದೆಯ ಮೂಲೆಯ ಕಡೆ ಹಾರುತ್ತೀರಿ. ಅಲ್ಲಿಗೆ ದೂರ ಹೆಚ್ಚು, ಬದುಕುವ ಸಾಧ್ಯತೆಯೂ ಹೆಚ್ಚು.

ನೆಲಕ್ಕೆ ಬೀಳುವಾಗ ಟೆಕ್ ಮಾಡಿ: ಬೀಳುವ ಮೊದಲಿನ 20 ಫ್ರೇಮ್‌ಗಳೊಳಗೆ ಟ್ರಿಗರ್ ಒತ್ತಿದರೆ ಪಾತ್ರ ಎದ್ದು ನಿಲ್ಲುತ್ತದೆ ಅಥವಾ ಉರುಳುತ್ತದೆ. ಗಾಬರಿಯಲ್ಲಿ ಪಟಪಟನೆ ಒತ್ತುವವರಿಗೆ ಶಿಕ್ಷೆ ಇದೆ. ಒಮ್ಮೆ ಒತ್ತಿದ ಮೇಲೆ 40 ಫ್ರೇಮ್‌ಗಳವರೆಗೆ ಮತ್ತೊಂದು ಒತ್ತನ್ನು ಟೆಕ್ ಎಂದು ಆಟ ಒಪ್ಪುವುದಿಲ್ಲ. ಬೇಗ ಒತ್ತಿಬಿಟ್ಟಿರೋ, ಆ ಸಲದ ಅವಕಾಶ ಹೋಯಿತು.

ಮಲ್ಟಿಶೈನ್ ಕಲಿಯಲೇಬೇಕೇ? ಇನ್‌ಸ್ಟಾಗ್ರಾಂ ತುಂಬ ಅದೇ.

ಬೇಡ. ಮಲ್ಟಿಶೈನ್ ಎಂದರೆ ಫಾಕ್ಸ್‌ನ ಶೈನ್ ಎಂಬ ಪೆಟ್ಟನ್ನು ಬಿಡದೆ ಒಂದರ ಹಿಂದೊಂದು ಹೊಡೆಯುವುದು. ಶೈನ್ ಮೊದಲ ಫ್ರೇಮ್‌ನಲ್ಲೇ ಹೊಡೆಯುತ್ತದೆ, 4ನೆಯ ಫ್ರೇಮ್‌ನಿಂದ ನೆಗೆತದ ಮೂಲಕ ಅದರಿಂದ ಹೊರಬರಬಹುದು, 3 ಫ್ರೇಮ್ ಕೂತು ನೆಲ ಬಿಟ್ಟ ಮೊದಲ ಫ್ರೇಮ್‌ನಲ್ಲೇ ಮತ್ತೆ ಶೈನ್. ಒಂದು ಫ್ರೇಮ್ ಹೆಚ್ಚುಕಡಿಮೆಯಾದರೂ ಸರಪಳಿ ಹರಿಯುತ್ತದೆ. ನೋಡಲು ಚೆಂದ, ಕೈಗೆ ಕಸರತ್ತು, ಆದರೆ ನಮ್ಮ ಮಟ್ಟದ ಆಟದಲ್ಲಿ ಇದರಿಂದ ಗೆದ್ದವರನ್ನು ನಾನು ಕಂಡಿಲ್ಲ. ಗಿಡ್ಡ ನೆಗೆತ ತಪ್ಪಿ ಸೋತವರನ್ನು ಪ್ರತಿ ಭಾನುವಾರ ಕಾಣುತ್ತೇನೆ.

ಸ್ಟಿಕ್ಕೇ ಇಲ್ಲದ, ಬಟನ್‌ಗಳೇ ತುಂಬಿದ ಪೆಟ್ಟಿಗೆಯಂಥ ಕಂಟ್ರೋಲರ್ ಕೊಂಡರೆ ಎಲ್ಲವೂ ಸುಲಭವಾಗುತ್ತದಂತೆ, ನಿಜವೇ?

ಕೆಲವು ಸುಲಭ, ಕೆಲವು ಕಷ್ಟ. ಸ್ಟಿಕ್ ಅರ್ಧ ದಾರಿಯಲ್ಲಿ ಸಿಕ್ಕಿಬೀಳುವ ತೊಂದರೆ ಬಟನ್ನಿಗೆ ಇಲ್ಲ, ಹಾಗಾಗಿ ಹಿಂದಕ್ಕೆ ಓಡುವುದು, ವೇವ್‌ಡ್ಯಾಶ್ ಕೋನ ಇವು ಪ್ರತಿ ಸಲವೂ ಒಂದೇ ರೀತಿ ಬರುತ್ತವೆ. ಡಿಐಗೆ ಬೇಕಾದ ನಡುನಡುವಿನ ಕೋನಗಳು ಸ್ಟಿಕ್ಕಿನಷ್ಟು ಸಲೀಸಾಗಿ ಸಿಗುವುದಿಲ್ಲ. ಮೋಸವೇ ಎಂಬ ಜಗಳ ದೊಡ್ಡದು; ಪಂದ್ಯ ನಡೆಸುವವರ ನಿಯಮ ಕೇಳಿಕೊಂಡು ಕೊಳ್ಳಿ. ಕೈ ನೋವಿರುವವರಿಗೆ ಅದು ನಿಜವಾಗಿಯೂ ಉಪಕಾರಿ. ಕೀಬೋರ್ಡ್‌ನಲ್ಲಿ ಒಂದು ತಿಂಗಳು ಆಡಿ ನೋಡಿದರೆ ನಿಮಗೆ ಹೊಂದುತ್ತದೋ ಇಲ್ಲವೋ ಖರ್ಚಿಲ್ಲದೆ ಗೊತ್ತಾಗುತ್ತದೆ.

ಆನ್‌ಲೈನ್ ಆಡಿದರೆ ಎದುರಾಳಿ ಇದ್ದಕ್ಕಿದ್ದಂತೆ ಜಿಗಿದು ಇನ್ನೊಂದು ಕಡೆ ಕಾಣುತ್ತಾನೆ. ಅಭ್ಯಾಸ ಕೆಡುವುದಿಲ್ಲವೇ?

ಅದು ರೋಲ್‌ಬ್ಯಾಕ್. ಎದುರಾಳಿಯ ಒತ್ತು ನಿಮ್ಮ ಯಂತ್ರ ತಲುಪುವ ಮೊದಲೇ ಅವನು ಏನು ಮಾಡಿರಬಹುದೆಂದು ಆಟ ಊಹಿಸಿ ಮುಂದೆ ಹೋಗುತ್ತದೆ. ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದೆ ಹೋಗಿ ಸರಿಪಡಿಸುತ್ತದೆ. ನೀವು ಕಂಡ ಜಿಗಿತ ಆ ತಿದ್ದುಪಡಿ. ಇದರ ಪುಣ್ಯದಿಂದ ನಿಮ್ಮ ಬೆರಳಿಗೂ ನಿಮ್ಮ ಪಾತ್ರಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ, ಹಾಗಾಗಿ ಕಲಿತ ತಾಳ ಕೆಡುವುದಿಲ್ಲ. ಮೆಲೀಗೆ ಇದನ್ನು ತಂದದ್ದು 2020ರಲ್ಲಿ ‘ಸ್ಲಿಪ್ಪಿ’ ಎಂಬ ತಂತ್ರಾಂಶ. ವೈಫೈ ಬಿಟ್ಟು ಕೇಬಲ್ ಹಾಕಿಕೊಳ್ಳಿ. ಕರೆಂಟು ಹೋಗಿ ಬರುವ ಊರಿನಲ್ಲಿ ರೂಟರ್‌ಗೂ ಒಂದು ಸಣ್ಣ ಯುಪಿಎಸ್ ಇರಲಿ, ಇಲ್ಲದಿದ್ದರೆ ಗೆಲ್ಲುತ್ತಿದ್ದ ಆಟ ಬಿಟ್ಟು ಓಡಿದ ಅಪಕೀರ್ತಿ ನಿಮ್ಮದು.

ಮೇಡಂ, ನಾನು ಹುಡುಗನ ತಾಯಿ. ಅವನ ಹೆಬ್ಬೆರಳು ಜುಮ್ಮೆನ್ನುತ್ತದಂತೆ. ಆಟ ಬಿಡಿಸಲೇ?

ಮೊದಲು ಕೆಲವು ದಿನ ಪೂರ್ತಿ ವಿರಾಮ ಕೊಡಿಸಿ, ಆಮೇಲೂ ಜುಮುಗುಡುವುದು ಅಥವಾ ಮರಗಟ್ಟುವುದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳು ಜುಮ್ಮೆನ್ನುವುದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸೂಚನೆ ಇರಬಹುದು. ‘ನೋವು ತಡೆದುಕೊಂಡರೆ ಕೈ ಗಟ್ಟಿಯಾಗುತ್ತದೆ’ ಎಂದು ಅವನಿಗೆ ಯಾರಾದರೂ ಹೇಳಿದ್ದರೆ ಅದು ಶುದ್ಧ ಸುಳ್ಳೆಂದು ನನ್ನ ಹೆಸರು ಹೇಳಿ ತಿಳಿಸಿ. ಮತ್ತೆ ಆಡುವಾಗ ಮಣಿಕಟ್ಟು ಮಡಚದೆ ನೇರವಿರಲಿ, ಮೊಣಕೈಗೆ ಆಸರೆ ಇರಲಿ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ. ಹೆಚ್ಚಿನ ಮಕ್ಕಳು ಬಟನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕುತ್ತಾರೆ, ಅವನು ಹೇಗೆ ಹಿಡಿಯುತ್ತಾನೆಂದು ಒಮ್ಮೆ ಕಳಿಸಿಕೊಡಿ, ನೋಡುತ್ತೇನೆ.

ಸ್ಟಿಕ್ ಮುಟ್ಟದಿದ್ದರೂ ಪಾತ್ರ ತಾನೇ ನಡೆಯುತ್ತದೆ. ರಿಪೇರಿ ಆಗುತ್ತದೆಯೇ?

ಇದು ಡ್ರಿಫ್ಟ್. ಸಾಮಾನ್ಯ ಸ್ಟಿಕ್ಕಿನೊಳಗೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ತುದಿಯೊಂದು ಉಜ್ಜುತ್ತಿರುತ್ತದೆ. ಅದು ಸವೆದರೆ ಅಥವಾ ಧೂಳು ಸೇರಿದರೆ ನಡು ಎಲ್ಲಿದೆ ಎಂಬ ಲೆಕ್ಕ ತಪ್ಪುತ್ತದೆ. ಅದಿರಿನ ಕೆಂಪು ಧೂಳಿನ ಸಂಡೂರು, ತೋರಣಗಲ್ಲು ಕಡೆಯವರು ಆಡಿದ ಮೇಲೆ ಕಂಟ್ರೋಲರನ್ನು ಬಟ್ಟೆಯ ಚೀಲದಲ್ಲಿಡುವುದು ಒಳ್ಳೆಯದು. ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಬುಡಕ್ಕೆ ಬಿಟ್ಟು ಸ್ಟಿಕ್ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ನೋಡಿ. ಧೂಳಾಗಿದ್ದರೆ ಸರಿಹೋಗುತ್ತದೆ. ಸವೆತವಾಗಿದ್ದರೆ ಸ್ಟಿಕ್ಕಿನ ಭಾಗವನ್ನೇ ಬದಲಿಸಬೇಕು. ಬೆಸುಗೆ ಗೊತ್ತಿರುವ ಮೊಬೈಲ್ ರಿಪೇರಿಯವರು ಮಾಡಿಕೊಡುತ್ತಾರೆ. ಡೆಡ್‌ಝೋನ್ (ಸ್ಟಿಕ್ ಅಲುಗಿದರೂ ಆಟ ಲೆಕ್ಕಿಸದ ನಡುವಿನ ಜಾಗ) ಹೆಚ್ಚಿಸಿ ಮುಚ್ಚಿಡುವ ಉಪಾಯ ಕೆಲವು ದಿನಗಳಿಗೆ ಸರಿ, ಆದರೆ ನಡುವಿನ ಸೂಕ್ಷ್ಮ ಚಲನೆಗಳು ಅದರಲ್ಲಿ ಮುಳುಗಿಹೋಗುತ್ತವೆ.

ಬೆಂಗಳೂರಿನಲ್ಲಿ ಪಂದ್ಯ ಇದೆ. ಮೊದಲ ಸಲ ಹೋಗುತ್ತಿದ್ದೇನೆ, ಏನೇನು ಒಯ್ಯಲಿ?

ನಿಮ್ಮದೇ ಕಂಟ್ರೋಲರ್, ಅದರ ಕೇಬಲ್, ಇದ್ದರೆ ಅಡಾಪ್ಟರ್. ಮೂರರ ಮೇಲೂ ಹೆಸರು ಬರೆದ ಚೀಟಿ ಅಂಟಿಸಿ. ನಿಮ್ಮ ಬಟನ್ ಜೋಡಣೆಯ ಫೋಟೊ ಫೋನಿನಲ್ಲಿರಲಿ, ಅಲ್ಲಿಯ ಯಂತ್ರದಲ್ಲಿ ಹೊಸದಾಗಿ ಹಾಕಿಕೊಳ್ಳಬೇಕಾಗುತ್ತದೆ. ಕೊಪ್ಪಳ, ಬಳ್ಳಾರಿಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಅನುಕೂಲ, ಆದರೆ ರೈಲಿನಲ್ಲಿ ನಿದ್ದೆಗೆಟ್ಟು ನೇರವಾಗಿ ಪಂದ್ಯಕ್ಕೆ ಕೂರಬೇಡಿ. ಆಗುವುದಾದರೆ ಒಂದು ದಿನ ಮುಂಚೆ ಹೋಗಿ. ನಮ್ಮ ಬಿಸಿಲಿಗೆ ಒಗ್ಗಿದ ಕೈ ಅಲ್ಲಿಯ ಎಸಿ ಸಭಾಂಗಣದಲ್ಲಿ ಸೆಟೆದುಕೊಳ್ಳುತ್ತದೆ. ಪೂರ್ತಿ ತೋಳಿನ ಅಂಗಿ ಅಥವಾ ಸ್ವೆಟರ್ ಇಟ್ಟುಕೊಂಡು, ಸರದಿ ಬರುವವರೆಗೂ ಕೈಗಳನ್ನು ಅದರೊಳಗೇ ಇಡಿ. ನಿಮ್ಮ ಹೆಸರು ಕೂಗಿದಾಗ ಮೊದಲು ಟಿವಿಯ ಗೇಮ್ ಮೋಡ್ ಆನ್ ಆಗಿದೆಯೇ ಎಂದು ಕೇಳಿ, ಆಮೇಲೆ ಕೂತುಕೊಳ್ಳಿ.